ದಾಖಲೆಯಲ್ಲಿಲ್ಲದ ಮದುವೆ

ಮದುವೆಯಾಗಿ ಮೂರು ತಿಂಗಳು ಕಳೆದ ಮೇಲೆ, ಒಂದು ಮಧ್ಯಾಹ್ನದ ಊಟದ ಬಿಡುವಿನಲ್ಲಿ, ಸಂಧ್ಯಾರಾಣಿಗೆ ತಾನು ಮದುವೆಯಾಗಿಲ್ಲವೆಂದು ಗೊತ್ತಾಯಿತು.

ಹಾಗೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಮೊಬೈಲಿಗೆ ಈಮೇಲ್ ಬಂತು. ಮೆಲ್ಬರ್ನಿನ ನೋಂದಣಿ ಕಚೇರಿಯದು. ನೀವು ಕೊಟ್ಟ ಹೆಸರು, ತಾರೀಖು, ಊರು ಎಲ್ಲವನ್ನೂ ಹಾಕಿ ಹುಡುಕಿದೆವು, ಅಂಥ ಮದುವೆಯ ದಾಖಲೆ ನಮ್ಮಲ್ಲಿ ಇಲ್ಲ ಎಂದು ಬರೆದಿದ್ದರು. ಕೊನೆಗೆ ನಮಸ್ಕಾರ ಇತ್ತು.

ಅವಳು ಡಬ್ಬಿಯಲ್ಲಿದ್ದ ಚಿತ್ರಾನ್ನವನ್ನು ಮುಗಿಸಿದಳು. ಡಬ್ಬಿ ತೊಳೆದಳು. ಹೊಸ ಗ್ಲೌಸು ಹಾಕಿಕೊಂಡು ವಾರ್ಡಿಗೆ ಹೋದಳು.

ಸಿಡ್ನಿಯ ಗಿರಾವೀನ್ ಹತ್ತಿರದ ಒಂದು ಏಜ್ಡ್ ಕೇರ್ ಮನೆಯಲ್ಲಿ ಅವಳ ಕೆಲಸ. ಮುದುಕರನ್ನು ಎಬ್ಬಿಸುವುದು. ಹೊರಳಿಸುವುದು. ಹೇತದ್ದು ಉಚ್ಚೆ ಹೊಯ್ದದ್ದು ಒರೆಸಿ ಪ್ಯಾಡ್ ಬದಲಾಯಿಸುವುದು. ಕುರ್ಚಿಯಲ್ಲಿ ಕೂರಿಸಿ ಸ್ನಾನ ಮಾಡಿಸುವುದು. ತೊಡೆಸಂದಿಯಲ್ಲಿ ಹುಣ್ಣಾಗಿದೆಯೇ ಎಂದು ಬಗ್ಗಿ ನೋಡುವುದು. ದಿನವಿಡೀ ಬಗ್ಗಿ ಬಗ್ಗಿ ಅವಳ ಸೊಂಟ ಮರಗಟ್ಟಿ ಹೋಗಿತ್ತು. ಮೊದಲು ನೋಯುತ್ತಿತ್ತು, ಈಗ ಅದೂ ಇಲ್ಲ. ಸ್ಯಾನಿಟೈಸರ್ ತಿಕ್ಕಿ ತಿಕ್ಕಿ ಅಂಗೈಯ ರೇಖೆಗಳು ಸವೆದಿದ್ದವು. ಕೆಲಸಕ್ಕೆ ಬಂದಾಗ ಹಾಜರಿ ಹಾಕುವ ಬೆರಳಚ್ಚಿನ ಯಂತ್ರ ಎಷ್ಟೋ ಸಲ ಅವಳ ಬೆರಳನ್ನು ಗುರುತು ಹಿಡಿಯುತ್ತಿರಲಿಲ್ಲ.

ಸಂಜೆ ಗಂಡ ಪ್ರತಾಪ್ ಮನೆಗೆ ಬಂದಾಗ ಈಮೇಲ್ ತೋರಿಸಿದಳು. ಅವನು ಶೂ ಬಿಚ್ಚುತ್ತಲೇ ಓದಿದ.

"ಪೋಸ್ಟಲ್ಲಿ ಎಲ್ಲೋ ಮಿಸ್ ಆಗಿರತ್ತೆ ಬಿಡು" ಎಂದ. "ಅಂಕಲ್ ಹತ್ರ ನಾನು ಮಾತಾಡ್ತೀನಿ. ನೀನು ಏನೂ ಮಾಡೋಕೆ ಹೋಗ್ಬೇಡ."

"ನನ್ನ ವೀಸಾ ಮುಗೀತಾ ಬಂತು. ಸರ್ಟಿಫಿಕೇಟ್ ಇಲ್ದೆ ನಿನ್ನ ಹೆಂಡ್ತಿ ಅಂತ ಅರ್ಜಿ ಹಾಕೋಕಾಗಲ್ಲ."

"ಗೊತ್ತು ಸಂಧ್ಯಾ. ಮಾತಾಡ್ತೀನಿ ಅಂದ್ನಲ್ಲ."

ಅವನ ಕಿವಿ ಕೆಂಪಾಗಿತ್ತು. ಅವಳು ನೋಡಿದಳು. ಕೇಳಲಿಲ್ಲ.

ಸಂಧ್ಯಾರಾಣಿ ಕೊಳ್ಳೇಗಾಲದ ಕಡೆಯವಳು. ಅಪ್ಪ ಶಿವಣ್ಣ ಕರಿಕಲ್ಲಿನ ಕ್ವಾರಿಯಲ್ಲಿ ಕೂಲಿಗಿದ್ದು, ಧೂಳು ಕುಡಿದು, ಕೆಮ್ಮಿ ಕೆಮ್ಮಿ ಸತ್ತ. ಅವ್ವ ಪುಟ್ಟಮ್ಮ ರೇಷ್ಮೆ ನೂಲು ಬಿಚ್ಚುವ ಕಾರ್ಖಾನೆಯಲ್ಲಿ ಕುದಿಯುವ ನೀರಿಗೆ ಕೈಹಾಕಿ ಗೂಡಿನ ಎಳೆ ತೆಗೆಯುತ್ತಾ ಬೆರಳು ಬೇಯಿಸಿಕೊಂಡವಳು. ಆ ಬೆರಳಿನಿಂದಲೇ ಅವಳು ಮಗಳನ್ನು ನರ್ಸಿಂಗ್ ಓದಿಸಿದಳು. ಮಗಳು ಓದಿ, ಆಸ್ಟ್ರೇಲಿಯಾಕ್ಕೆ ಬಂದು, ಇನ್ನೊಂದು ಕೋರ್ಸ್ ಮಾಡಿ, ಈ ಕೆಲಸ ಹಿಡಿದಳು.

ಪ್ರತಾಪ್ ಮೈಸೂರಿನವನು. ಏಜ್ಡ್ ಕೇರ್ ಮನೆಗೆ ಪಾಳಿ ಹಂಚುವ ಸಾಫ್ಟ್‌ವೇರ್ ಹಾಕಲು ಬಂದಿದ್ದ. ಅವಳ ಬೆರಳನ್ನು ಯಂತ್ರ ಗುರುತಿಸಲಿಲ್ಲವೆಂದು ಸರಿಮಾಡಿಕೊಡುತ್ತಾ ಕನ್ನಡದಲ್ಲಿ ಮಾತಾಡಿಸಿದ. ಆಮೇಲೆ ಸ್ಟೇಷನ್ನಿನವರೆಗೂ ಜೊತೆಗೆ ನಡೆದ. ಅವಳು ಮೊದಲ ವಾರವೇ ಜಾತಿ ಹೇಳಿದ್ದಳು. ಹೇಳಿ ಅವನ ಮುಖ ನೋಡಿದ್ದಳು. ಅವನು ನಕ್ಕಿದ್ದ.

"ಇದು ಸಿಡ್ನಿ ಕಣೆ. ಇಲ್ಲಿ ಯಾರಿಗೆ ಬೇಕು ಅದೆಲ್ಲ."

ಮದುವೆ ಮೆಲ್ಬರ್ನಿನಲ್ಲಿ ಆಯಿತು. ಪ್ರತಾಪನ ಅಕ್ಕ ಅಹಲ್ಯಾ ವಿಂಡಮ್ ವೇಲ್‌ನಲ್ಲಿ ಮನೆ ಕಟ್ಟಿಸಿಕೊಂಡಿದ್ದಳು. ಹತ್ತಿರದ ಕಮ್ಯುನಿಟಿ ಹಾಲ್ ಬುಕ್ ಮಾಡಿದವಳೂ ಅವಳೇ, ಪುರೋಹಿತರನ್ನು ಹಿಡಿದವಳೂ ಅವಳೇ. ಪುರೋಹಿತರು ಸತ್ಯನಾರಾಯಣ ಅಂಕಲ್. ವಾರದ ದಿನಗಳಲ್ಲಿ ಐಟಿ ಕೆಲಸ, ಶನಿವಾರ ಭಾನುವಾರ ಪೌರೋಹಿತ್ಯ. ಮದುವೆ ಮಾಡಿಸಲು ಸರ್ಕಾರದ ಪರವಾನಗಿಯೂ ಅವರಿಗಿತ್ತು. ಮಂತ್ರ ಹೇಳುವವರೂ ಅವರೇ, ಕಾಗದಕ್ಕೆ ಸಹಿ ಹಾಕಿಸಿ ನೋಂದಣಿ ಕಚೇರಿಗೆ ಕಳಿಸಬೇಕಾದವರೂ ಅವರೇ. ಹಾಗಾಗಿ ಎಲ್ಲರಿಗೂ ಅನುಕೂಲ.

ಮದುವೆಗೆ ಒಂದು ತಿಂಗಳ ಮೊದಲು ಕೊಡಬೇಕಾದ ನೋಟಿಸಿನಲ್ಲಿ ಅಪ್ಪನ ಹೆಸರು, ಅವ್ವನ ಹೆಸರು, ಹುಟ್ಟಿದ ಊರು ಕೇಳಿದ್ದರು. ಅವಳು ಇದ್ದದ್ದನ್ನು ಇದ್ದಂತೆ ಬರೆದಳು. ಶಿವಣ್ಣ ಅಂದರೆ ಯಾರು ಬೇಕಾದರೂ ಆಗಬಹುದು. ಈ ದೇಶದ ಕಾಗದ ಅದಕ್ಕಿಂತ ಹೆಚ್ಚು ಕೇಳುವುದಿಲ್ಲ. ಮಂಟಪದಲ್ಲಿ ಅಂಕಲ್ ಹೆಣ್ಣಿನ ಗೋತ್ರ ಕೇಳಿದರು. ಅವಳು ಬಾಯಿ ತೆರೆಯುವ ಮೊದಲೇ ಪ್ರತಾಪ್ "ಕಾಶ್ಯಪ" ಎಂದುಬಿಟ್ಟ.

ತಾಳಿ ಕಟ್ಟುವಾಗ ಸಂಧ್ಯಾರಾಣಿ ಮೊಬೈಲ್ ಎತ್ತಿ ಹಿಡಿದಳು. ವಿಡಿಯೋ ಕಾಲ್‌ನಲ್ಲಿ ಅವ್ವ ಇದ್ದಳು. ಕೊಳ್ಳೇಗಾಲದ ಮನೆಯಲ್ಲಿ ನೆಲದ ಮೇಲೆ ಕೂತು, ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಾ, ಮಗಳ ಮದುವೆ ನೋಡುತ್ತಿದ್ದಳು. ಅವಳ ಹಿಂದೆ ಗೋಡೆಯ ಮೇಲೆ ನೀಲಿ ಕೋಟಿನ ಬಾಬಾಸಾಹೇಬರ ಪಟ. ಆವತ್ತು ಅದಕ್ಕೂ ಹೂವಿನ ಹಾರ ಹಾಕಿದ್ದಳು. ಅಕ್ಷತೆ ಹಿಡಿದಿದ್ದ ಸತ್ಯನಾರಾಯಣ ಅಂಕಲ್ ಮೊಬೈಲಿನತ್ತ ಬಗ್ಗಿ ನೋಡಿದರು. ಮಂತ್ರ ಒಂದು ಕ್ಷಣ ನಿಂತಿತು. ಮತ್ತೆ ಶುರುವಾಯಿತು.

ಎಲ್ಲರೂ ಸಹಿ ಹಾಕಿದರು. ಅವರೂ ಹಾಕಿದರು. ಗಂಡಹೆಂಡತಿಗೆ ಆವತ್ತೇ ಕೈಗೆ ಕೊಡಬೇಕಾದ ಪ್ರತಿಯನ್ನೂ ಸೇರಿಸಿ ಎಲ್ಲ ಕಾಗದಗಳನ್ನು ಚೀಲಕ್ಕೆ ಹಾಕಿಕೊಂಡರು. "ಒಟ್ಟಿಗೆ ಕಳಿಸ್ತೀನಿ" ಎಂದರು. ಊಟ ಮಾಡದೆ ಹೋದರು. ಉಪವಾಸವಿರಬೇಕು ಎಂದುಕೊಂಡಿದ್ದಳು ಸಂಧ್ಯಾರಾಣಿ.

ಈಮೇಲ್ ಬಂದಮೇಲೆ ದಿನಗಳು ಹೋದವು. ಅಂಕಲ್ ಮತ್ತೆ ಕಳಿಸಿದ್ದಾರೆ ಎಂದ ಪ್ರತಾಪ್. ಆಮೇಲೆ, ಅಂಕಲ್ ಇಂಡಿಯಾಗೆ ಹೋಗಿದ್ದಾರೆ ಎಂದ. ಒಂದು ಶನಿವಾರ ಆಫೀಸ್ ಕೆಲಸವೆಂದು ಮೆಲ್ಬರ್ನಿಗೆ ಹೋಗಿ ಭಾನುವಾರ ಬಂದ. ಇನ್ನೇನು ಆಗಿಹೋಯಿತು, ಒಂದು ಸಣ್ಣ ಕೆಲಸ ಬಾಕಿ ಇದೆ, ನಾವಿಬ್ಬರೂ ಒಂದು ಸಲ ಅಕ್ಕನ ಮನೆಗೆ ಹೋಗಿ ಬರಬೇಕು ಎಂದ. ಏನು ಕೆಲಸ ಎಂದರೆ, ಪೂಜೆ ಎಂದ.

ಅವಳು ಅಂಕಲ್ ನಂಬರಿಗೆ ಫೋನ್ ಮಾಡಿದಳು. ಎತ್ತಲಿಲ್ಲ. ಏಜ್ಡ್ ಕೇರ್ ಮನೆಯ ಫೋನಿನಿಂದ ಮಾಡಿದಳು. ಎತ್ತಿದರು. "ಸಂಧ್ಯಾರಾಣಿ ಮಾತಾಡ್ತಾ ಇರೋದು" ಎಂದ ಕೂಡಲೇ ಕಟ್ ಆಯಿತು. ಇಂಡಿಯಾದಲ್ಲಿ ಇಲ್ಲವೆಂಬುದು ಮಾತ್ರ ಖಾತ್ರಿಯಾಯಿತು.

ರಜೆ ಇದ್ದ ಒಂದು ಬುಧವಾರ ಬೆಳಗಿನ ವಿಮಾನ ಹಿಡಿದು ಅವಳು ಒಬ್ಬಳೇ ಮೆಲ್ಬರ್ನಿಗೆ ಹೋದಳು. ಪ್ರತಾಪನಿಗೆ ಹೇಳಲಿಲ್ಲ. ಊರ ಹೊರವಲಯಕ್ಕೆ ಹೋಗುವ ರೈಲಿನಲ್ಲಿ ಕೂತು, ಅಂಕಲ್ ಮನೆಯೂ ಇರುವ ವಿಂಡಮ್ ವೇಲ್‌ನಲ್ಲಿ ಇಳಿದಳು. ಗಾಳಿ ಬೀಸುತ್ತಿತ್ತು. ಅಲ್ಲಿ ಮರಗಳಿಲ್ಲ, ಎಲ್ಲ ಹೊಸ ಮನೆಗಳು, ಒಂದರಂತೆ ಇನ್ನೊಂದು. ಅವಳು ಮನೆ ನಂಬರು ನೋಡುತ್ತಾ ನಡೆದಳು.

ಅಂಕಲ್ ಮನೆಯ ಗ್ಯಾರೇಜಿನ ಬಾಗಿಲು ಅರ್ಧ ಮೇಲಕ್ಕೆ ಸರಿದಿತ್ತು. ಕಾರು ಹೊರಗೆ ನಿಂತಿತ್ತು. ಒಳಗೆ ಕಾರಿನ ಜಾಗದಲ್ಲಿ ದೇವರ ಮಂಟಪ, ಮಣೆ, ಹೋಮಕುಂಡ, ತುಪ್ಪದ ಡಬ್ಬ. ಸತ್ಯನಾರಾಯಣ ಅಂಕಲ್ ಮಡಿ ರೇಷ್ಮೆ ಪಂಚೆ ಉಟ್ಟು ಕೂತು ದೀಪ ಒರೆಸುತ್ತಿದ್ದರು. ಕಿವಿಯ ಇಯರ್‌ಫೋನಿನಲ್ಲಿ ಆಫೀಸಿನ ಮೀಟಿಂಗ್ ನಡೆಯುತ್ತಿತ್ತು. ಅವಳನ್ನು ನೋಡಿ ಕಿವಿಯಿಂದ ಅದನ್ನು ತೆಗೆದರು. ಎದ್ದು ನಿಂತರು. ಒಳಗೆ ಬಾ ಅನ್ನಲಿಲ್ಲ. ಅವಳು ಹೊರಗೆ, ಕಾರಿನ ಪಕ್ಕ ನಿಂತಳು.

"ನಮ್ಮ ಮದುವೆ ಪೇಪರ್ಸ್ ನೀವು ಕಳಿಸಿಲ್ವಂತೆ, ಅಂಕಲ್."

"ಕಳಿಸೋಣಮ್ಮ. ಅದಕ್ಕೇನು."

"ಎರಡು ವಾರದೊಳಗೆ ಕಳಿಸ್ಬೇಕು ಅಂತ ರೂಲ್ಸ್ ಇದೆಯಂತೆ."

"ರೂಲ್ಸ್ ನನಗೆ ಗೊತ್ತು." ಅವರು ಮೆಲ್ಲಗೆ, ಮಕ್ಕಳಿಗೆ ಪಾಠ ಹೇಳುವವರಂತೆ ಮಾತಾಡುತ್ತಿದ್ದರು. "ನೋಡಿಮ್ಮ, ಲೀಗಲ್ ಒಂದು ಕಡೆ, ಶಾಸ್ತ್ರ ಒಂದು ಕಡೆ. ಶಾಸ್ತ್ರ ಸರಿಯಾಗದೆ ನಾನು ಮದುವೆ ಆಯ್ತು ಅಂತ ಬರೆದುಕೊಡೋದು ಹೇಗೆ. ನೀವು ಮುಚ್ಚಿಟ್ಟು ಮಂಟಪದಲ್ಲಿ ಕೂತ್ರಿ."

"ನಾನು ಏನು ಮುಚ್ಚಿಟ್ಟೆ."

"ಅದು ನನ್ನ ಬಾಯಲ್ಲಿ ಯಾಕೆ ಬರಬೇಕಮ್ಮ."

"ನನ್ನ ಬಾಯಲ್ಲೇ ಬರ್ಲಿ. ನಾವು ಹೊಲೇರು. ಕೊಳ್ಳೇಗಾಲದ ಹತ್ರ. ನೀವು ಗೋತ್ರ ಕೇಳಿದ್ರಿ, ಅದನ್ನ ಪ್ರತಾಪ್ ಹೇಳಿದ. ಜಾತಿ ಕೇಳಿದ್ರೆ ನಾನೇ ಹೇಳ್ತಿದ್ದೆ."

ಅವರು ಬೀದಿಯತ್ತ ನೋಡಿದರು. ಎದುರು ಮನೆಯ ಬಿಳಿಯ ಹೆಂಗಸು ನಾಯಿ ಹಿಡಿದು ಹೋಗುತ್ತಾ ಕೈ ಬೀಸಿದಳು. ಅಂಕಲ್ ನಗುತ್ತಾ ಕೈ ಬೀಸಿದರು. ಆಮೇಲೆ ಒಳಗೆ ತಿರುಗಿ ಹೆಂಡತಿಯನ್ನು ಕರೆದು ನೀರು ತರಲು ಹೇಳಿದರು. ಅಹಲ್ಯಾಗೆ ಫೋನ್ ಮಾಡಿದರು.

ನೀರು ಕಾಗದದ ಲೋಟದಲ್ಲಿ ಬಂತು. ಅಂಕಲ್ ಹೆಂಡತಿ ಅದನ್ನು ಕಾರಿನ ಬಾನೆಟ್ ಮೇಲಿಟ್ಟು ಒಳಗೆ ಹೋದರು. ಅಹಲ್ಯಾ ಪಕ್ಕದ ಬೀದಿಯಿಂದ ಕಾರಿನಲ್ಲಿ ಬಂದಳು. ಅವಳು ಗ್ಯಾರೇಜಿನೊಳಗೆ ಹೋಗಿ ನಿಂತಳು. ಅವಳಿಗೆ ನೀರು ಸ್ಟೀಲ್ ಲೋಟದಲ್ಲಿ ಬಂತು.

ಸಂಧ್ಯಾರಾಣಿ ಎರಡೂ ಲೋಟಗಳನ್ನು ನೋಡಿದಳು. ಒಳಗೆ ಏನೋ ಉರಿಯಬೇಕಿತ್ತು. ಉರಿಯಲಿಲ್ಲ. ಸೊಂಟದಂತೆ ಅದೂ ಮರಗಟ್ಟಿದೆಯೇನೋ ಅನ್ನಿಸಿತು. ಅವಳ ಅಪ್ಪ ಹೋಟೆಲಿನ ಹೊರಗೆ ಕುಕ್ಕರುಗಾಲಲ್ಲಿ ಕೂತು ಬೇರೆ ಇಟ್ಟಿದ್ದ ಲೋಟದಲ್ಲಿ ಟೀ ಕುಡಿದವನು. ಕುಡಿದು, ತೊಳೆದು, ಬೋರಲು ಹಾಕಿ ಬರುತ್ತಿದ್ದ. ಈ ಲೋಟವನ್ನು ತೊಳೆಯುವ ಕೆಲಸವೂ ಇಲ್ಲ. ಕುಡಿದ ಮೇಲೆ ಬಿಸಾಡಿದರಾಯಿತು.

"ಸಂಧ್ಯಾ, ನೀನು ಪ್ರತಾಪ್ ಜೊತೆ ಬರ್ಬೇಕಿತ್ತು" ಎಂದಳು ಅಹಲ್ಯಾ. "ಒಬ್ಬಳೇ ಯಾಕೆ ಬಂದೆ."

"ಪೇಪರ್ ಯಾಕೆ ಕಳಿಸಿಲ್ಲ ಅಂತ ಕೇಳೋಕೆ ಬಂದೆ."

"ಕಳಿಸ್ತಾರಮ್ಮ. ಅಂಕಲ್ ಬೇಡ ಅಂತ ಹೇಳಿಲ್ಲ. ಒಂದು ಶುದ್ಧಿ ಆಗ್ಬಿಟ್ರೆ ಎಲ್ಲ ಸರಿಹೋಗತ್ತೆ. ಅರ್ಧ ಗಂಟೆ ಕೆಲಸ. ನಾಳೆ ಮೈಸೂರಲ್ಲಿ ನಮ್ಮ ಅಮ್ಮ ಅಪ್ಪಂಗೆ ವಿಷಯ ಗೊತ್ತಾದ್ರೂ ಒಂದು ಮಾತು ಇರತ್ತಲ್ಲ, ಶುದ್ಧಿ ಮಾಡಿಸಿದೀವಿ ಅಂತ."

"ನಂಗೆ ಶುದ್ಧಿನಾ."

"ಇಬ್ಬರಿಗೂ ಆಗ್ಬೇಕಮ್ಮ" ಎಂದರು ಅಂಕಲ್. "ಪ್ರತಾಪ್‌ದು ಆವತ್ತೇ ಮುಗಿಸಿಬಿಟ್ಟೆ. ಅವರು ಬಂದು, ಪ್ರಾಯಶ್ಚಿತ್ತ ಮಾಡ್ಕೊಂಡು, ಪಂಚಗವ್ಯ ತಗೊಂಡು, ಜನಿವಾರ ಬದಲಾಯಿಸ್ಕೊಂಡು ಹೋದ್ರು. ನಿಮ್ಮದೊಂದು ಬಾಕಿ. ನಿಮಗೆ ಹೇಳಿಲ್ವಾ ಅವರು."

ಗ್ಯಾರೇಜಿನ ಬಾಗಿಲು ಗಾಳಿಗೆ ಸಣ್ಣಗೆ ಅಲುಗಿತು. ಸಂಧ್ಯಾರಾಣಿ ಕಾರಿಗೆ ಕೈ ಊರಿದಳು. ಆಫೀಸ್ ಕೆಲಸವೆಂದು ಹೋದ ಶನಿವಾರ. ಭಾನುವಾರ ಸಂಜೆ ಬಂದವನು ತಲೆಗೆ ನೀರು ಹಾಕಿಕೊಂಡು ಬಂದಂತಿದ್ದ. ಮರುದಿನ ಅವನ ಬನಿಯನ್ ಒಗೆಯುವಾಗ ಹೊಸ ಜನಿವಾರದ ಅರಿಶಿನ ಹತ್ತಿತ್ತು. ಅವಳು ತಿಕ್ಕಿ ತೆಗೆದಿದ್ದಳು.

"ಏನೇನು ತಗೊಂಡ" ಎಂದು ಕೇಳಿದಳು.

"ಏನು."

"ಪಂಚಗವ್ಯ ಅಂದ್ರಲ್ಲ. ಅದರಲ್ಲಿ ಏನೇನು ಇರತ್ತೆ."

"ಹಾಲು, ಮೊಸರು, ತುಪ್ಪ, ಗೋಮೂತ್ರ, ಗೋಮಯ. ಇಲ್ಲಿ ಸ್ವಲ್ಪ ಕಷ್ಟ, ಆದ್ರೂ ಇಂಡಿಯನ್ ಸ್ಟೋರಲ್ಲಿ ಬಾಟ್ಲಿಲಿ ಸಿಗತ್ತೆ." ಅವರು ಮಣೆಯ ಪಕ್ಕದಿಂದ ಒಂದು ಪ್ಲಾಸ್ಟಿಕ್ ಬಾಟಲಿಯನ್ನು ಎತ್ತಿ ತೋರಿಸಿದರು. "ಬಂದಿದ್ದೀರಲ್ಲ, ಇವತ್ತೇ ಮುಗಿಸೋಣ ಅಂದ್ರೂ ಆಗತ್ತೆ. ಸಂಜೆಗೆ ಪೇಪರ್ ಅಪ್ಲೋಡ್ ಮಾಡ್ತೀನಿ. ಬನ್ನಿ, ಅಲ್ಲೇ ಹೊರಗಡೆ ನಲ್ಲೀಲಿ ಕೈಕಾಲು ತೊಳ್ಕೊಳ್ಳಿ."

ಅಹಲ್ಯಾ ಆಗಲೇ ತೋಟದ ನಲ್ಲಿಯತ್ತ ಕೈ ತೋರಿಸಿದ್ದಳು.

ಸಂಧ್ಯಾರಾಣಿ ಅಲ್ಲಾಡಲಿಲ್ಲ.

"ಅಂಕಲ್, ನಾನು ದಿನಾ ಮನುಷ್ಯರ ಹೇಲು ಬಾಚ್ತೀನಿ" ಎಂದಳು. ದನಿ ಏರಲಿಲ್ಲ. "ಬಾಚಿ, ಸೋಪು ಹಾಕಿ ಕೈ ತೊಳೀತೀನಿ. ಅಲ್ಲಿಗೆ ಮುಗೀತು. ನೀವು ನಂಗೆ ದನದ ಸಗಣಿ ಕುಡಿಸಿ ಕ್ಲೀನ್ ಮಾಡ್ತೀನಿ ಅಂತೀರಲ್ಲ."

"ಹಾಗೆಲ್ಲ ಮಾತಾಡಬಾರದಮ್ಮ."

"ನೀವು ಉಟ್ಟಿರೋ ಪಂಚೆ ರೇಷ್ಮೆದು. ನಮ್ಮವ್ವ ಆ ನೂಲು ತೆಗೆದೂ ತೆಗೆದೂ ಅವಳ ಬೆರಳು ನೆಟ್ಟಗಾಗಲ್ಲ ಈಗ. ಅವಳ ಕೈ ತಾಗಿದ್ದು ನಿಮಗೆ ಮಡಿ. ನಾನು ಅವಳ ಹೊಟ್ಟೇಲಿ ಹುಟ್ಟಿದ್ದು ಮೈಲಿಗೆ."

ಅಂಕಲ್ ಕಿವಿಯಿಂದ ತೆಗೆದಿಟ್ಟಿದ್ದರಲ್ಲಿ ಯಾರೋ ಅವರ ಹೆಸರು ಹಿಡಿದು ಕೂಗುತ್ತಿದ್ದುದು ಸಣ್ಣಗೆ ಕೇಳುತ್ತಿತ್ತು.

"ಹಠ ಮಾಡಿದ್ರೆ ನಿನಗೇ ತೊಂದರೆ" ಎಂದಳು ಅಹಲ್ಯಾ. "ವೀಸಾ ಮುಗಿದ್ರೆ ವಾಪಸ್ ಹೋಗ್ಬೇಕಾಗತ್ತೆ. ಯೋಚನೆ ಮಾಡು. ಯಾರೂ ನೋಡಲ್ಲ. ಗ್ಯಾರೇಜ್ ಬಾಗಿಲು ಹಾಕ್ಕೊಂಡು ಮಾಡೋದು."

"ಬೇಡ."

"ಪ್ರತಾಪ್‌ಗೋಸ್ಕರ ಆದ್ರೂ."

"ಬೇಡ ಅಂದ್ನಲ್ಲ, ಅಕ್ಕ. ನಾನು ಮಾಡಿಸ್ಕೊಳ್ಳಲ್ಲ."

ಕಾಗದದ ಲೋಟ ಬಾನೆಟ್ ಮೇಲೆಯೇ ಇತ್ತು. ಅವಳಿಗೆ ಬಾಯಾರಿತ್ತು. ಕುಡಿಯಲಿಲ್ಲ. ಬೀದಿಗಿಳಿದು ಸ್ಟೇಷನ್ನಿನತ್ತ ನಡೆದಳು. ಹಿಂದೆ ಗ್ಯಾರೇಜಿನ ಬಾಗಿಲು ಕಿರ್ರೆನ್ನುತ್ತಾ ಕೆಳಗಿಳಿಯಿತು. ತಾನು ನಿಂತಿದ್ದ ಕಡೆ ನೀರು ಹಾಕುತ್ತಾರೆಯೇ ಎಂದು ತಿರುಗಿ ನೋಡಬೇಕೆನ್ನಿಸಿತು. ನೋಡಲಿಲ್ಲ.

ನಗರದ ನೋಂದಣಿ ಕೌಂಟರಿನಲ್ಲಿ ಸಾಲಿತ್ತು. ಅವಳ ಮುಂದೆ ಒಂದು ಜೋಡಿ ಕೈ ಕೈ ಹಿಡಿದು ನಿಂತಿತ್ತು. ಹುಡುಗಿ ಸರ್ಟಿಫಿಕೇಟಿಗೆ ಯಾವ ಡಿಸೈನು ಬೇಕೆಂದು ಹುಡುಗನನ್ನು ಕೇಳುತ್ತಿದ್ದಳು. ಹೂವಿನದು, ಸಮುದ್ರದ್ದು. ಕೊನೆಗೆ ಹೂವಿನದು ತೆಗೆದುಕೊಂಡರು.

ಕೌಂಟರಿನಲ್ಲಿದ್ದವಳು ನರೆಗೂದಲಿನ ಹೆಂಗಸು. ಸಂಧ್ಯಾರಾಣಿ ಹೇಳಿದ್ದನ್ನೆಲ್ಲ ಕೇಳಿಸಿಕೊಂಡಳು. ಕಂಪ್ಯೂಟರಿನಲ್ಲಿ ಹುಡುಕಿದಳು. ಮದುವೆಯಾಗುತ್ತೇವೆಂದು ಕೊಟ್ಟ ನೋಟಿಸು ಪುರೋಹಿತರ ಬಳಿಯೇ ಇರುತ್ತದೆ, ಎಲ್ಲವನ್ನೂ ಮದುವೆಯಾದ ಮೇಲೆ ಅವರೇ ಕಳಿಸಬೇಕು, ಕಳಿಸಿಲ್ಲ ಎಂದಳು.

"ಹಾಗಾದರೆ ನನ್ನ ಮದುವೆ ಆಗಿಲ್ಲವೇ" ಎಂದು ಸಂಧ್ಯಾರಾಣಿ ಇಂಗ್ಲಿಷಿನಲ್ಲಿ ಕೇಳಿದಳು.

"ಆಗಿದೆ. ನೀವಿಬ್ಬರೂ ಒಪ್ಪಿ ಮಾತು ಕೊಟ್ಟ ಗಳಿಗೆಯಲ್ಲೇ ಆಗಿದೆ. ಅದನ್ನು ಯಾವ ಪುರೋಹಿತನೂ ಹಿಂದಕ್ಕೆ ತೆಗೆದುಕೊಳ್ಳಲಾರ. ನಮ್ಮಲ್ಲಿ ದಾಖಲಾಗಿಲ್ಲ, ಅಷ್ಟೆ. ದೂರು ಕೊಡಿ. ಅವರಿಗೆ ನಾವು ಬರೆಯುತ್ತೇವೆ. ಪರವಾನಗಿ ನೋಡಿಕೊಳ್ಳುವವರಿಗೂ ಹೋಗುತ್ತದೆ."

ಅಧಿಕಾರಿಣಿ ತಾನೇ ಟೈಪ್ ಮಾಡಿಕೊಳ್ಳುತ್ತಾ ಹೋದಳು. ಹೆಸರು, ತಾರೀಖು, ಹಾಲಿನ ವಿಳಾಸ. ಯಾಕೆ ಕಳಿಸಲಿಲ್ಲ, ಕಾರಣವೇನು ಎಂದು ಕೇಳಿದಳು.

"ಕಾಸ್ಟ್" ಎಂದಳು ಸಂಧ್ಯಾರಾಣಿ.

"ಕಾಸ್ಟ್? ಖರ್ಚಿನ ವಿಚಾರವೇ? ಅವರು ಹೆಚ್ಚು ಹಣ ಕೇಳಿದರೇ?"

"ಅಲ್ಲ. ಆ ಕಾಸ್ಟ್ ಅಲ್ಲ."

ಅವಳು ಒಂದೊಂದೇ ಅಕ್ಷರ ಹೇಳಿದಳು. ಅಧಿಕಾರಿಣಿ ಒಂದೊಂದೇ ಅಕ್ಷರ ಒತ್ತಿದಳು. ಒತ್ತಿ, ಪರದೆಯನ್ನು ನೋಡಿ, ತಲೆಯೆತ್ತಿದಳು.

"ಕ್ಷಮಿಸಿ. ಇದು ಏನು ಅಂತ ಸ್ವಲ್ಪ ಬಿಡಿಸಿ ಹೇಳಿದರೆ ನಾನು ಸರಿಯಾಗಿ ಬರೆಯಬಹುದು."

ಸಂಧ್ಯಾರಾಣಿ ಯೋಚಿಸಿದಳು. ಹಿಂದೆ ಸಾಲು ಬೆಳೆಯುತ್ತಿತ್ತು. ಸಾವಿರಾರು ವರ್ಷದ್ದನ್ನು ಸಾಲಿನಲ್ಲಿ ನಿಂತು ಹೇಳಬೇಕಿತ್ತು.

"ನಾನು ಮುಟ್ಟಿದ್ದನ್ನು ಅವರು ತೊಳೆಯುತ್ತಾರೆ" ಎಂದಳು. "ನನ್ನ ಗಂಡನನ್ನೂ ತೊಳೆದರು."

ಅಧಿಕಾರಿಣಿಯ ಬೆರಳುಗಳು ಕೀಗಳ ಮೇಲೆ ನಿಂತವು. ಆಮೇಲೆ ಅವಳು ಆ ಎರಡು ಮಾತುಗಳನ್ನೂ ಹೇಳಿದಂತೆಯೇ ಬರೆದಳು. ಬರೆದದ್ದನ್ನು ಓದಿ ಹೇಳಿದಳು. ಸಂಧ್ಯಾರಾಣಿ ಸಹಿ ಹಾಕಿದಳು.

ಮರುದಿನ ಬೆಳಗ್ಗೆ ಸಿಡ್ನಿಯ ತಮ್ಮ ಮನೆಯಲ್ಲಿ ಪ್ರತಾಪ್ ಕಾಫಿ ಮಾಡುತ್ತಿದ್ದ. ಅಕ್ಕ ಫೋನ್ ಮಾಡಿದ್ದಳು, ಅವನಿಗೆಲ್ಲ ಗೊತ್ತಿತ್ತು. ಬೆನ್ನು ತಿರುಗಿಸಿಕೊಂಡೇ ಮಾತಾಡಿದ.

"ನಿನ್ನ ವೀಸಾಗೋಸ್ಕರ ಮಾಡ್ದೆ ಸಂಧ್ಯಾ. ನಾನು ಅದನ್ನೆಲ್ಲ ನಂಬ್ತೀನಾ? ಹೋಗ್ಲಿ ಒಂದು ಫಾರ್ಮಾಲಿಟಿ ಅಂತ ಮುಗಿಸ್ದೆ."

"ಏನು ಹೇಳ್ಸಿದ್ರು ನಿನ್ನ ಬಾಯಲ್ಲಿ?"

"ಏನೋ ಸಂಸ್ಕೃತ. ನಂಗೇನು ಅರ್ಥ ಆಗತ್ತೆ."

"ಕನ್ನಡದಲ್ಲಿ ಏನೂ ಹೇಳ್ಲಿಲ್ವಾ."

ಹಾಲು ಉಕ್ಕಿ ಬಂತು. ಸ್ಟವ್ ಆರಿಸಿದ.

"ಹೇಳು."

"ತಿಳಿಯದೆ ಸಂಪರ್ಕ ಆಯ್ತು, ಕ್ಷಮಿಸಬೇಕು ಅಂತ."

"ಸಂಪರ್ಕ."

"ಬರೀ ಮಾತು ಕಣೆ ಅದು."

"ಭಾನುವಾರ ಬಂದು ನನ್ನ ಪಕ್ಕದಲ್ಲೇ ಮಲಗಿದ್ಯಲ್ಲ. ಆವಾಗ ಮತ್ತೆ ಸಂಪರ್ಕ ಆಯ್ತು. ಅದಕ್ಕೆ ಯಾವಾಗ ಹೋಗ್ತೀಯ?"

ಅವನು ತಿರುಗಿದ. ಕಣ್ಣಲ್ಲಿ ನೀರಿತ್ತು. ಅವಳು ತನಗೂ ಬರಬಹುದೆಂದು ಕಾದಳು. ಬರಲಿಲ್ಲ.

"ನಾನು ನಂಬಲ್ಲ ಅಂತ ಹೇಳ್ತಾ ಇದೀನಲ್ಲ" ಎಂದ.

"ಅಂಕಲ್ ನಂಬ್ತಾರೆ. ನಂಬಿ ಮಾಡಿದ್ರು. ನೀನು ನಂಬದೇನೇ ಮಾಡಿದ್ಯಲ್ಲ ಪ್ರತಾಪ್. ಅವರಿಗಿಂತ ಅದು ಕೆಟ್ಟದ್ದು."

ಅವಳು ಹಾಸಿಗೆಯನ್ನು ಹಾಲ್‌ಗೆ ತಂದು ಹಾಕಿಕೊಂಡಳು. ಅವತ್ತಿನಿಂದ ಅಲ್ಲೇ ಮಲಗಿದಳು. ಅಡುಗೆ ಮಾಡಿದಳು, ಬಡಿಸಲಿಲ್ಲ. ಅವನ ಬಟ್ಟೆ ಒಗೆಯುವುದನ್ನು ನಿಲ್ಲಿಸಿದಳು. ಅವನು ಬಾಗಿಲಲ್ಲಿ ನಿಂತು ಮಾತಾಡುತ್ತಿದ್ದ, ತಪ್ಪಾಯಿತು ಎನ್ನುತ್ತಿದ್ದ. ಅವಳಿಗೆ ಅವನ ಬಾಯಿ ಅಲ್ಲಾಡುವುದು ಕಾಣುತ್ತಿತ್ತು. ಕೆಲಸದ ಮನೆಯ ಕಿವುಡು ಮುದುಕರು ತನ್ನನ್ನು ಹೀಗೇ ನೋಡುತ್ತಾರಲ್ಲ ಅನ್ನಿಸುತ್ತಿತ್ತು.

ಏಜ್ಡ್ ಕೇರ್ ಮನೆಯ ಮ್ಯಾನೇಜರ್ ಹತ್ತಿರ ಹೋಗಿ ಕೇಳಿದಳು. ಕೆಲಸಕ್ಕೆ ಜನ ಸಾಲುವುದಿಲ್ಲ, ಕಂಪನಿಯೇ ವೀಸಾಗೆ ಸ್ಪಾನ್ಸರ್ ಮಾಡುವುದುಂಟು ಎಂದು ಅವಳು ಕೇಳಿದ್ದಳು. ಪ್ರತಾಪ್‌ಗೆ ಇಲ್ಲೇ ನೆಲೆಸುವ ಪಿಆರ್ ಇದೆ, ಅವನ ಹೆಂಡತಿಯಾಗಿ ವೀಸಾ ಪಡೆಯುವ ದಾರಿ ಸಲೀಸು ಎಂದು ಇಷ್ಟು ದಿನ ಅತ್ತ ಯೋಚಿಸಿರಲಿಲ್ಲ. ಬೇರೆ ಯಾರೂ ಒಪ್ಪದ ಪಾಳಿಗಳನ್ನು ಮಾಡಬೇಕು, ಇಷ್ಟು ವರ್ಷ ಬಿಟ್ಟು ಹೋಗಬಾರದು ಎಂದ ಮ್ಯಾನೇಜರ್. ಅವಳು ಒಪ್ಪಿದಳು. ಸೊಂಟದ ವಿಷಯ ಹೇಳಲಿಲ್ಲ.

ಸರ್ಟಿಫಿಕೇಟ್ ಪೋಸ್ಟಿನಲ್ಲಿ ಬಂತು. ನೋಂದಣಿ ಕಚೇರಿಯಿಂದ ಪತ್ರ ಹೋದದ್ದೇ ತಡ, ಸತ್ಯನಾರಾಯಣ ಅಂಕಲ್ ಎಲ್ಲ ಕಾಗದಗಳನ್ನೂ ಕಳಿಸಿಬಿಟ್ಟಿದ್ದರು. ಶಾಸ್ತ್ರ ಏನಾಯಿತೋ. ಪ್ರತಾಪ್ ಕವರು ಹಿಡಿದುಕೊಂಡು ಒಳಗೆ ಬಂದ. ಎಷ್ಟೋ ದಿನದ ಮೇಲೆ ಅವನ ಮುಖದಲ್ಲಿ ನಗುವಿತ್ತು.

"ಬಂತು ನೋಡು. ಇವತ್ತೇ ವೀಸಾಗೆ ಅಪ್ಲೋಡ್ ಮಾಡೋಣ. ಏಜೆಂಟ್‌ಗೆ ಫೋನ್ ಮಾಡ್ತೀನಿ."

"ಬೇಡ. ಇಲ್ಲಿ ಕೊಡು."

ಅವಳು ಕವರು ತೆಗೆದುಕೊಂಡು ಬಿಡಿಸಿದಳು. ದಪ್ಪ ಕಾಗದ. ಅವಳ ಹೆಸರು. ಅವನ ಹೆಸರು. ಶಿವಣ್ಣ. ಪುಟ್ಟಮ್ಮ. ಒಂದಕ್ಷರವೂ ತಪ್ಪಿರಲಿಲ್ಲ. ಮಡಿಸದೆ ಚೀಲಕ್ಕೆ ಹಾಕಿಕೊಂಡಳು. ಆ ಚೀಲದಲ್ಲಿ ಬಟ್ಟೆಗಳು ಆಗಲೇ ಇದ್ದವು. ಜೊತೆಗೆ ಕೆಲಸ ಮಾಡುವ ನಿರೀಕ್ಷಾ ಮಾರ್ಸ್ಡನ್ ಪಾರ್ಕ್‌ನ ತನ್ನ ಮನೆಯಲ್ಲಿ ಒಂದು ರೂಮು ಖಾಲಿ ಇದೆಯೆಂದು ಕರೆದಿದ್ದಳು.

ಪ್ರತಾಪ್ ಚೀಲ ನೋಡಿದ.

"ಹೋಗೋದೇ ಆಗಿದ್ರೆ ಇದನ್ನ ಯಾಕೆ ತರಿಸ್ದೆ? ಇಷ್ಟೆಲ್ಲ ಗಲಾಟೆ ಯಾಕೆ ಮಾಡ್ದೆ?"

"ನಾಳೆ ನಿಮ್ಮ ಮನೆಯವರು ಹೇಳ್ತಾರೆ. ಅವಳು ಯಾರೋ ಜೊತೇಲಿದ್ಲು, ಬಿಟ್ಟು ಹೋದ್ಲು ಅಂತ. ನೀನು ಸುಮ್ನಿರ್ತೀಯ. ಹಂಗೆ ಹೇಳೋಕೆ ಆಗಬಾರದು. ನಾನು ನಿನ್ನ ಮದುವೆ ಆಗಿದ್ದೆ. ಅದು ಸರ್ಕಾರದಲ್ಲಿ ಇರ್ಲಿ."

"ಸಂಧ್ಯಾ."

"ಬಿಡೋಕೂ ಇದೇ ಬೇಕಂತೆ. ಮದುವೆ ಆಗಿದೆ ಅಂತ ತೋರಿಸದೆ ಇದ್ರೆ ಕೋರ್ಟಲ್ಲಿ ಡೈವೋರ್ಸ್ ಅರ್ಜಿ ತಗೊಳಲ್ಲ. ಒಂದು ವರ್ಷ ಬೇರೆ ಇರ್ಬೇಕು. ಇವತ್ತಿಂದ ಲೆಕ್ಕ."

ಅವನು ದಾರಿಗೆ ಅಡ್ಡ ನಿಂತ. ಅವಳನ್ನು ಹಿಡಿಯಲು ಕೈ ಚಾಚಿದ.

"ಮುಟ್ಟಬೇಡ" ಎಂದಳು.

ಆ ಮಾತು ಅವಳ ಬಾಯಿಂದ ಬಂದದ್ದು ಇಬ್ಬರಿಗೂ ಕೇಳಿಸಿತು. ಅವಳ ಅಪ್ಪನಿಗೆ, ಅಪ್ಪನ ಅಪ್ಪನಿಗೆ ಯಾರು ಯಾರೋ ಹೇಳಿದ ಮಾತು. ಅವರ ಮನೆಯಲ್ಲಿ ಅದನ್ನು ಕೇಳಿಸಿಕೊಂಡವರೇ ಎಲ್ಲ. ಇನ್ನೊಬ್ಬರಿಗೆ ಹೇಳಿದವರು ಯಾರೂ ಇರಲಿಲ್ಲ.

ಪ್ರತಾಪ್ ಕೈ ಹಿಂದಕ್ಕೆ ತೆಗೆದುಕೊಂಡ. ಪಕ್ಕಕ್ಕೆ ಸರಿದ. ಅವಳು ಚೀಲ ಎತ್ತಿ ಹೆಗಲಿಗೆ ಹಾಕಿಕೊಂಡು ಹೊರಗೆ ಬಂದು ಬಸ್ ಸ್ಟಾಪಿನಲ್ಲಿ ನಿಂತಳು. ಬಿಸಿಲಿತ್ತು. ಚೀಲದ ಪಟ್ಟಿ ಹೆಗಲನ್ನು ಒತ್ತುತ್ತಿತ್ತು. ಬಸ್ಸಿಗಾಗಿ ಕಾಯುತ್ತಾ ನಿಂತಿರುವಾಗ, ಎಷ್ಟೋ ತಿಂಗಳ ಮೇಲೆ, ಅವಳ ಸೊಂಟ ನೋಯತೊಡಗಿತು.